ಹಳೆಯ ಡೋಜರ್ ಬ್ಲೇಡಿನ ಸಡಿಲ ಕೀಲುಗಳು: ನಾನು ಮಾಡಿ ನೋಡಿದ ದುರಸ್ತಿಗಳ ಹೋಲಿಕೆ

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಡೋಜರ್ ಸಮ ಮಾಡಿಕೊಟ್ಟ ಭತ್ತದ ಗದ್ದೆಯನ್ನು ಕೊನೆಗೆ ಪರೀಕ್ಷೆ ಮಾಡುವುದು ನೀರು. ಕಣ್ಣಿಗೆ ಮಟ್ಟಸವಾಗಿ ಕಂಡ ನೆಲದ ಮೇಲೆ ನೀರು ಬಿಟ್ಟಾಗ ಒಂದು ಕಡೆ ನಾಲ್ಕು ಬೆರಳು ನಿಂತು ಇನ್ನೊಂದು ಕಡೆ ಮಣ್ಣು ಬರಿದಾಗಿ ಕಂಡರೆ ರೈತನು ಯಂತ್ರದ ಮಾಲೀಕನನ್ನು ಕರೆಸುತ್ತಾನೆ, ಮತ್ತು ಕರೆಸುವುದು ನ್ಯಾಯವೇ. 2013ರ ಬೇಸಿಗೆಯಲ್ಲಿ ನನ್ನನ್ನು ಹಾಗೆ ಎರಡು ಬಾರಿ ಕರೆಸಲಾಯಿತು. ಆಪರೇಟರ್ ಕೈ ಚೆನ್ನಾಗಿತ್ತು, ಹೈಡ್ರಾಲಿಕ್ ಸರಿಯಾಗಿತ್ತು, ಬ್ಲೇಡಿನ ಕೆಳಗೆ ಮಣ್ಣು ಕೊಯ್ಯುವ ಕಟಿಂಗ್ ಎಡ್ಜ್ ಹೊಸದಾಗಿತ್ತು. ಆದರೂ ನೆಲ ಅಲೆ ಅಲೆಯಾಗಿ ಬರುತ್ತಿತ್ತು. ಕಾರಣ ಬ್ಲೇಡಿನ ಕೀಲುಗಳಲ್ಲಿತ್ತು. ಆ ಕೀಲುಗಳನ್ನು ಅಂದಿನಿಂದ ನಾಲ್ಕು ಬೇರೆ ಬೇರೆ ವಿಧಾನಗಳಲ್ಲಿ ದುರಸ್ತಿ ಮಾಡಿಸಿದ್ದೇನೆ, ಕೆಲವನ್ನು ಒಂದೇ ಯಂತ್ರದ ಎಡಬಲ ಪಕ್ಕಗಳಲ್ಲಿ ಒಂದೇ ಕಾಲದಲ್ಲಿ ಹಾಕಿ ಓಡಿಸಿದ್ದೇನೆ. ಆ ಅನುಭವವನ್ನು ಅಳತೆಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರವು ಕೆ.ಜಿ.ಎಫ್.ನ ಬಿಇಎಂಎಲ್ ಕಾರ್ಖಾನೆಯಲ್ಲಿ ಜಪಾನಿನ ಕೊಮಾಟ್ಸು ಕಂಪನಿಯ ತಾಂತ್ರಿಕ ಸಹಕಾರದಿಂದ ತಯಾರಾದ ಡಿ50 ವರ್ಗದ ಹಳೆಯ ಡೋಜರ್. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಅಲ್ಲಿ ಕೆಲಸವಿಲ್ಲದೆ ನಿಂತಿದ್ದ ಯಂತ್ರಗಳಲ್ಲಿ ಇದೂ ಒಂದು. ಮರುವರ್ಷ ನಾನು ಕೊಂಡುಕೊಂಡೆ. ಎಂಜಿನ್ ಗಟ್ಟಿಯಾಗಿತ್ತು, ಚೈನು ಅರ್ಧ ಸವೆದಿತ್ತು. ಅದಿರಿನ ದೂಳು ಗ್ರೀಸಿನೊಡನೆ ಬೆರೆತರೆ ಸಾಣೆ ಹಿಡಿಯುವ ಹಿಟ್ಟಿನ ಹಾಗೆ ಕೆಲಸ ಮಾಡುತ್ತದೆ. ಬ್ಲೇಡಿನ ಕೀಲುಗಳು ಎಷ್ಟೋ ವರ್ಷ ಆ ಹಿಟ್ಟನ್ನೇ ಅರೆದಿದ್ದವು.

ಯಾವ ಕೀಲುಗಳ ಮಾತು ಎಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ಇದು ಓರೆ ಮಾಡಬಹುದಾದ ಬ್ಲೇಡು. ಚೈನು ಸುತ್ತುವ ಟ್ರ್ಯಾಕ್ ಫ್ರೇಮಿನ ಎರಡು ಪಕ್ಕಗಳಿಂದ ಹೊರಟು ಯಂತ್ರದ ಮೂತಿಯನ್ನು ಬಳಸಿ ಬರುವ ಸಿ-ಫ್ರೇಮಿನ ನಡುಮುಂಭಾಗದಲ್ಲಿ ಒಂದು ಉಕ್ಕಿನ ಗೋಲವಿದೆ. ಬ್ಲೇಡಿನ ಬೆನ್ನಿನಲ್ಲಿರುವ ಗುಳಿ ಆ ಗೋಲದ ಮೇಲೆ ಕೂತು, ಹಿಂದಿನಿಂದ ಕ್ಯಾಪ್ ಮತ್ತು ಬೋಲ್ಟುಗಳಿಂದ ಬಿಗಿಯಾಗುತ್ತದೆ. ಬ್ಲೇಡಿನ ಎರಡು ತುದಿಗಳನ್ನು ಹಿಡಿದುಕೊಳ್ಳುವುದು ಬ್ರೇಸ್ ಎಂದು ನಾವು ಕರೆಯುವ ತೋಳುಗಳು. ಸಿ-ಫ್ರೇಮಿನ ಪ್ರತಿ ಪಕ್ಕದಲ್ಲಿ ಹಿಂದೆ, ನಡುವೆ, ಮುಂದೆ ಹೀಗೆ ರಂಧ್ರವಿರುವ ಎರಡೆರಡು ಪ್ಲೇಟುಗಳ ಮೂರು ಬ್ರಾಕೆಟ್‌ಗಳಿದ್ದು, ಬ್ಲೇಡು ನೇರವಾಗಿರಬೇಕಾದರೆ ತೋಳುಗಳ ಪಿನ್ ನಡುವಿನ ಬ್ರಾಕೆಟ್‌ನಲ್ಲೂ, ಓರೆ ಬೇಕಾದಾಗ ಒಂದು ಪಕ್ಕದ ಪಿನ್ ಮುಂದಿನದರಲ್ಲೂ ಇನ್ನೊಂದು ಪಕ್ಕದ್ದು ಹಿಂದಿನದರಲ್ಲೂ ಕೂರುತ್ತದೆ. ಮೂರನೆಯ ಕೀಲು ಸಿ-ಫ್ರೇಮ್ ಟ್ರ್ಯಾಕ್ ಫ್ರೇಮಿಗೆ ಸೇರುವ ಟ್ರನಿಯನ್. ನಮ್ಮ ಕೆಲಸದಲ್ಲಿ ಬ್ಲೇಡು ಹೆಚ್ಚಾಗಿ ನೇರವಾಗಿಯೇ ಇರುವುದರಿಂದ ನಡುವಿನ ಬ್ರಾಕೆಟ್‌ಗಳು ಎಲ್ಲಕ್ಕಿಂತ ಹೆಚ್ಚು ಸವೆದಿದ್ದವು, ಹಿಂದಿನವು ಮತ್ತು ಮುಂದಿನವು ಹೆಚ್ಚುಕಡಿಮೆ ಮೊದಲಿನ ಅಳತೆಯಲ್ಲಿಯೇ ಉಳಿದಿದ್ದವು. ಈ ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂತು.

ಸಡಿಲವನ್ನು ಕಣ್ಣಿನಿಂದ ಅಂದಾಜು ಮಾಡಬಾರದು. ಬ್ಲೇಡನ್ನು ನೆಲದಿಂದ ಒಂದು ಗೇಣು ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಒಬ್ಬರು ಹಾರೆಯಿಂದ ಮೀಟುವಾಗ ಇನ್ನೊಬ್ಬರು ಪಿನ್ನಿನ ಪಕ್ಕದಲ್ಲಿ ಎಳೆದ ಸೀಮೆಸುಣ್ಣದ ಗೆರೆ ಎಷ್ಟು ಜರುಗುತ್ತದೆ ಎಂದು ನೋಡಬೇಕು. ಆಮೇಲೆ ಪಿನ್ ಹೊರತೆಗೆದು, ಅದರ ಸವೆಯದ ತುದಿಯಲ್ಲೂ ಸವೆದ ನಡುವಿನಲ್ಲೂ ವರ್ನಿಯರ್ ಇಟ್ಟು ಅಳೆಯಬೇಕು. ರಂಧ್ರವನ್ನು ಮುಂದೆ-ಹಿಂದೆ ಒಂದು ಸಲ, ಮೇಲೆ-ಕೆಳಗೆ ಒಂದು ಸಲ ಅಳೆದರೆ ಮೊಟ್ಟೆಯ ಆಕಾರ ಎಷ್ಟು ಬಂದಿದೆ ಎಂಬುದು ತಿಳಿಯುತ್ತದೆ. ಕೆಳಗಿನ ತೋಳು ಮಣ್ಣಿನ ಒತ್ತಡವನ್ನು ಹಿಂದಕ್ಕೆ ತಳ್ಳುವುದರಿಂದ ಬ್ರಾಕೆಟ್ ಪ್ಲೇಟಿನ ರಂಧ್ರ ಹಿಂಬದಿಗೆ ಸವೆಯುತ್ತದೆ, ತೋಳಿನ ಕಣ್ಣು, ಅಂದರೆ ಪಿನ್ ಹಾಯುವ ಅದರ ತುದಿಯ ರಂಧ್ರ, ಮುಂಬದಿಗೆ ಸವೆಯುತ್ತದೆ. ನನ್ನ ಯಂತ್ರದಲ್ಲಿ ಸವೆಯದ ಬ್ರಾಕೆಟ್‌ಗಳ ರಂಧ್ರ 50 ಮಿ.ಮೀ. ಸುತ್ತಮುತ್ತ ಇತ್ತು, ನಡುವಿನದ್ದು ಮುಂದೆ-ಹಿಂದೆ 55, ಮೇಲೆ-ಕೆಳಗೆ 52 ಮಿ.ಮೀ. ಆಗಿತ್ತು. ಇದನ್ನು ಕಂಪನಿಯ ಅಳತೆ ಎಂದು ಯಾರೂ ಹಿಡಿಯಬಾರದು. ಹಿಂದಿನ ಮಾಲೀಕರು ಎಷ್ಟು ಸಲ ಕೊರೆಸಿದ್ದರೋ. ನಿಮ್ಮ ಯಂತ್ರವನ್ನು ನೀವೇ ಅಳೆಯಬೇಕು.

ಖರ್ಚನ್ನು ನಾನು ರೂಪಾಯಿಗಿಂತ ಡೋಜರ್ ಬಾಡಿಗೆಯ ಗಂಟೆಗಳಲ್ಲಿ ಎಣಿಸುತ್ತೇನೆ. ರೂಪಾಯಿಯ ಬೆಲೆ ವರ್ಷವರ್ಷಕ್ಕೆ ಬದಲಾಗುತ್ತದೆ, ಆದರೆ "ಈ ದುರಸ್ತಿ ಹತ್ತು ಗಂಟೆಯ ದುಡಿಮೆ ತಿಂದಿತು" ಎಂದರೆ ಈ ಕೆಲಸದಲ್ಲಿರುವವರಿಗೆ ಎಂದಿಗೂ ಅರ್ಥವಾಗುತ್ತದೆ.

ಕೈವೆಲ್ಡಿಂಗ್ ಮತ್ತು ಗ್ರೈಂಡರ್

2013ರ ಹಂಗಾಮು ಆಗಲೇ ಶುರುವಾಗಿತ್ತು. ಎರಡನೆಯ ಬೆಳೆ ಕಟಾವಾಗಿ ಕಾಲುವೆ ನಿಂತ ಮೇಲೆ, ಜುಲೈ ಹೊತ್ತಿಗೆ ಮತ್ತೆ ನೀರು ಬರುವುದರೊಳಗೆ ಇರುವ ಒಣ ದಿನಗಳೇ ನಮ್ಮ ದುಡಿಮೆಯ ದಿನಗಳು. ಯಂತ್ರವನ್ನು ಊರು ಬಿಟ್ಟು ಕಳುಹಿಸುವ ಮಾತೇ ಇರಲಿಲ್ಲ. ಹೊಲಕ್ಕೇ ವೆಲ್ಡರ್‌ನನ್ನು ಕರೆಸಿ, ಎರಡೂ ಪಕ್ಕದ ನಡುವಿನ ಬ್ರಾಕೆಟ್‌ಗಳ ರಂಧ್ರವನ್ನು ಸಾಮಾನ್ಯ 6013 ವೆಲ್ಡಿಂಗ್ ರಾಡಿನಿಂದ ತುಂಬಿಸಿ, ಗ್ಯಾಸ್ ಕಟರ್‌ನಿಂದ ದುಂಡಗೆ ಕತ್ತರಿಸಿ, ಗ್ರೈಂಡರ್‌ನಿಂದ ತಿದ್ದಿಸಿದೆ. ಹಳೆಯ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಕೂರಿಸಲಾಯಿತು. ಸಂಜೆಯ ಹೊತ್ತಿಗೆ ಬ್ಲೇಡು ಹಾರೆಗೆ ಅಲುಗದ ಹಾಗೆ ಬಿಗಿಯಾಗಿತ್ತು. ಖರ್ಚು ನಾಲ್ಕು ಗಂಟೆಯ ಬಾಡಿಗೆ, ಕಳೆದದ್ದು ಒಂದು ದಿನ.

ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರಿನಲ್ಲಿ 110 ಗಂಟೆ ಆಗುವಷ್ಟರಲ್ಲಿ ಮೂರು ಮಿ.ಮೀ.ಗಿಂತ ಹೆಚ್ಚು ಸಡಿಲ ಮರಳಿ ಬಂದಿತ್ತು. ಪಿನ್ ಹೊರತೆಗೆದಾಗ ಕಾರಣ ಕಣ್ಣಿಗೆ ಕಂಡಿತು. ಗ್ರೈಂಡರ್‌ನಿಂದ ತಿದ್ದಿದ ರಂಧ್ರದ ಒಳಮೈ ಎಷ್ಟೇ ನಯವಾಗಿ ಕಂಡರೂ ಪಿನ್ನನ್ನು ಮುಟ್ಟುತ್ತಿದ್ದದ್ದು ನಾಲ್ಕೈದು ಉಬ್ಬುಗಳು ಮಾತ್ರ. ಇಡೀ ಬ್ಲೇಡಿನ ಒತ್ತಡ ಆ ಉಬ್ಬುಗಳ ಮೇಲೆ ಬಿದ್ದು, ಅವು ಕೆಲವೇ ದಿನಗಳಲ್ಲಿ ಚಪ್ಪಟೆಯಾಗಿದ್ದವು. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು. ಬ್ರಾಕೆಟ್‌ನ ಎರಡು ಪ್ಲೇಟುಗಳ ರಂಧ್ರಗಳು ಒಂದೇ ಸಾಲಿಗೆ ಬಂದಿರಲಿಲ್ಲ, ಒಂದಕ್ಕೊಂದು ಸುಮಾರು ಎರಡು ಮಿ.ಮೀ. ಏರುಪೇರಾಗಿದ್ದವು. ಪಿನ್ ಬಿಗಿಯಾಗಿ ಕೂತಿತ್ತು ನಿಜ, ಆದರೆ ಸೊಟ್ಟಗೆ ಕೂತಿತ್ತು. ಹಾಗಾಗಿ ತೋಳಿನ ಕಣ್ಣು ಒಂದು ಅಂಚಿನಲ್ಲಿ ಮಾತ್ರ ಭಾರ ಹೊತ್ತು, ಚೆನ್ನಾಗಿದ್ದ ಆ ಕಣ್ಣನ್ನೂ ಹಾಳು ಮಾಡಿತ್ತು. ಮಳೆಗಾಲದಲ್ಲಿ ಹೊಸಪೇಟೆಯ ಕಡೆಯ ಒಂದು ವರ್ಕ್‌ಶಾಪಿಗೆ ತೋರಿಸಿದಾಗ, ಗಣಿ ಯಂತ್ರಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದ ಹಿರಿಯ ಫಿಟ್ಟರ್ ರಂಧ್ರದೊಳಗೆ ಬೆರಳಾಡಿಸಿ ಹೇಳಿದ ಮಾತು ಇದು: "ಬಿಗಿ ಆದ್ರ ಸಾಲದ್ರಿ ಅಣ್ಣಾರ, ಎರಡೂ ತೂತು ಒಂದ ಸಾಲಿಗೆ ಬರಬೇಕು. ಸಾಲಿಗೆ ಬರಲಿಲ್ಲಂದ್ರ ಬಿಗಿ ಮಾಡಿದ್ದ ತಪ್ಪಾಕ್ಕೈತಿ." ಮುಂದಿನ ಎಲ್ಲ ದುರಸ್ತಿಗಳನ್ನೂ ನಾನು ಈ ಮಾತಿನ ಮೇಲೆಯೇ ಅಳೆದಿದ್ದೇನೆ.

ಎಡಕ್ಕೆ ದಪ್ಪ ಪಿನ್, ಬಲಕ್ಕೆ ಮೂಲ ಅಳತೆ

2014ರ ಹಂಗಾಮಿಗೆ ಮೊದಲು ಅದೇ ವರ್ಕ್‌ಶಾಪಿನಲ್ಲಿ ಎರಡು ವಿಧಾನಗಳನ್ನು ಎದುರುಬದುರು ಹಾಕಿದೆ. ಎಡಪಕ್ಕದ ನಡುವಿನ ಬ್ರಾಕೆಟ್‌ನಲ್ಲಿ ವೆಲ್ಡಿಂಗ್ ಮಾಡದೆ, ಮೊಟ್ಟೆಯಾಕಾರದ ರಂಧ್ರವನ್ನು ದುಂಡಗಾಗುವಷ್ಟು, ಅಂದರೆ 57 ಮಿ.ಮೀ.ಗೆ, ಲೈನ್ ಬೋರಿಂಗ್ ಮಾಡಿಸಿ, ಅದಕ್ಕೆ ತಕ್ಕ ದಪ್ಪ ಪಿನ್ ಮಾಡಿಸಿದೆ. ತೋಳಿನ ಕಣ್ಣನ್ನೂ ಅದೇ ಅಳತೆಗೆ ಕೊರೆಸಬೇಕಾಯಿತು. ಬಲಪಕ್ಕದಲ್ಲಿ ರಂಧ್ರವನ್ನು ವೆಲ್ಡಿಂಗ್‌ನಿಂದ ತುಂಬಿಸಿ, ಲೈನ್ ಬೋರಿಂಗ್‌ನಿಂದ ಮೂಲದ 50 ಮಿ.ಮೀ.ಗೆ ಮರಳಿ ತರಿಸಿದೆ. ಪಿನ್ ಎರಡೂ ಕಡೆ ಇಎನ್ 24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕಿನವೇ, ಒಂದೇ ಜಾಗದಲ್ಲಿ ಹದ ಕೊಡಿಸಿದವು.

ಲೈನ್ ಬೋರಿಂಗ್ ನೋಡಿರದವರಿಗೆ ಒಂದು ಮಾತು. ಸಾಣೆ ಹಿಡಿದ ನೇರ ಸಲಾಕೆಯೊಂದನ್ನು ಎರಡೂ ಪ್ಲೇಟುಗಳ ಮೂಲಕ ಹಾಯಿಸಿ, ಎರಡು ತುದಿಗಳಲ್ಲಿ ಬೇರಿಂಗ್ ಆಧಾರ ಕೊಟ್ಟು, ಸಲಾಕೆಗೆ ಸಿಕ್ಕಿಸಿದ ಟೂಲ್ ತಿರುಗುತ್ತಾ ಎರಡೂ ರಂಧ್ರಗಳನ್ನು ಒಂದೇ ಅಕ್ಷದ ಮೇಲೆ ಕೊರೆಯುವಂತೆ ಮಾಡುವುದೇ ಈ ಕೆಲಸ. ಯಂತ್ರವನ್ನು ಬಿಚ್ಚಿ ಲೇತಿಗೆ ಏರಿಸಬೇಕಾಗಿಲ್ಲ, ಕೊರೆಯುವ ಸಾಧನವೇ ಯಂತ್ರದ ಬಳಿಗೆ ಬರುತ್ತದೆ. ಇದರಲ್ಲಿ ಹೊತ್ತು ಹಿಡಿಯುವುದು ಕೊರೆತವಲ್ಲ, ನಡುಬಿಂದುವನ್ನು ಹುಡುಕುವುದು. ಸವೆದ ರಂಧ್ರದ ನಡುಬಿಂದು ಹಿಂದಕ್ಕೆ ಸರಿದಿರುತ್ತದೆ. ಅದನ್ನೇ ನಂಬಿ ಕೊರೆದರೆ ತೋಳಿನ ಉದ್ದವೇ ಬದಲಾದಂತಾಗಿ ಬ್ಲೇಡು ಒಂದು ಕಡೆಗೆ ಹಿಂದೆ ಬೀಳುತ್ತದೆ. ರಂಧ್ರದ ಮುಂಬದಿಯ ಸವೆಯದ ಅಂಚಿನಿಂದ ಲೆಕ್ಕ ಹಾಕಿ, ಸವೆಯದೇ ಉಳಿದಿದ್ದ ಹಿಂದಿನ ಮತ್ತು ಮುಂದಿನ ಬ್ರಾಕೆಟ್‌ಗಳಿಂದ ದೂರ ಅಳೆದು ತಾಳೆ ನೋಡಿ, ಆಮೇಲಷ್ಟೇ ಸಲಾಕೆ ಕೂರಿಸಿದೆವು. ಅರ್ಧ ದಿನ ಇದಕ್ಕೇ ಹೋಯಿತು, ಮತ್ತು ಇಡೀ ದುರಸ್ತಿಯಲ್ಲಿ ಇದಕ್ಕಿಂತ ಸಾರ್ಥಕವಾದ ಅರ್ಧ ದಿನ ಇರಲಿಲ್ಲ.

ಬಲಪಕ್ಕದ ವೆಲ್ಡಿಂಗ್‌ಗೆ 7018 ರಾಡ್ ಬಳಸಿದೆವು. ಈ ರಾಡಿಗೆ ತೇವ ಆಗದು. ಮಳೆಗಾಲದಲ್ಲಿ ತೆರೆದ ಪೊಟ್ಟಣದಿಂದ ತೆಗೆದು ನೇರವಾಗಿ ಬಳಸಿದರೆ ಒಳಗೆ ಹೈಡ್ರೋಜನ್ ಸೇರಿ ಬಿರುಕಿಗೆ ದಾರಿಯಾಗುತ್ತದೆ. 300 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖದಲ್ಲಿ ಒಂದೆರಡು ಗಂಟೆ ಒಣಗಿಸಿದ ರಾಡನ್ನೇ ಬಳಸಬೇಕು. ಪ್ಲೇಟನ್ನು ಮೊದಲು ಕೈ ಇಡಲಾಗದಷ್ಟು, ಸುಮಾರು 150 ಡಿಗ್ರಿಗೆ, ಬಿಸಿ ಮಾಡಿ, ಪ್ರತಿ ಸುತ್ತಿನ ಕಿಟ್ಟವನ್ನು ಕಡೆಯ ಚೂರಿನವರೆಗೂ ಕೆರೆದು, ಮುಗಿದ ಮೇಲೆ ಸುಣ್ಣದ ಪುಡಿ ಮುಚ್ಚಿ ನಿಧಾನವಾಗಿ ಆರಲು ಬಿಟ್ಟೆವು. ಬೇಗ ಆರಿದರೆ ಅಲ್ಲಲ್ಲಿ ಗಾಜಿನಂಥ ಗಡಸು ಗಂಟುಗಳಾಗುತ್ತವೆ, ಬೋರಿಂಗ್ ಟೂಲ್ ಅವುಗಳ ಮೇಲೆ ಹಾರಿ ರಂಧ್ರ ದುಂಡಗೆ ಬರುವುದಿಲ್ಲ. ಕೊರೆಯುವಾಗ ಎಲ್ಲ ಕಡೆಯೂ ಟೂಲ್‌ಗೆ ಸಿಗಲೆಂದು ಬೇಕಾದದ್ದಕ್ಕಿಂತ ಸುತ್ತಲೂ ಮೂರು ಮಿ.ಮೀ. ಹೆಚ್ಚೇ ತುಂಬಿಸಿದ್ದೆವು.

ಎಡಪಕ್ಕಕ್ಕೆ ಪಿನ್ ಸೇರಿ ಹನ್ನೆರಡು ಗಂಟೆಯ ಬಾಡಿಗೆ ಖರ್ಚಾಯಿತು, ಬಲಪಕ್ಕಕ್ಕೆ ಇಪ್ಪತ್ತೆರಡು. ಎರಡು ಹಂಗಾಮು ಓಡಿಸಿ, ಅವರ್ ಮೀಟರಿನಲ್ಲಿ 700 ಗಂಟೆ ಕಳೆದ ಮೇಲೆ ಎರಡನ್ನೂ ಒಂದೇ ದಿನ ಅಳೆದೆ. ಎಡಕ್ಕೆ 1.4 ಮಿ.ಮೀ. ಸಡಿಲ, ಬಲಕ್ಕೆ 1.3. ಇಷ್ಟು ಸಣ್ಣ ಅಂತರವನ್ನು ನಾನು ಅಂತರವೆಂದೇ ಎಣಿಸುವುದಿಲ್ಲ. ಬ್ಲೇಡಿನ ಒಂದು ಪಕ್ಕ ಹೆಚ್ಚು ಭಾರ ಹೊರುವುದರಿಂದಲೂ ಅಷ್ಟು ಬರಬಹುದು. ಹೆಚ್ಚು ದುಡ್ಡು ಸುರಿದ ಬಲಪಕ್ಕ ಬಹಳ ಮೇಲಾಗಿರುತ್ತದೆ ಎಂದು ನಾನು ನಂಬಿದ್ದೆ. ಆದರೆ ರಂಧ್ರದೊಳಗೆ ಹೊಸ ಲೋಹ ತುಂಬಿದೆಯೋ ಇಲ್ಲವೋ ಎಂಬುದರಿಂದ ಬಾಳಿಕೆ ಬದಲಾಗಲಿಲ್ಲ. ಕೈವೆಲ್ಡಿಂಗ್‌ನ 110 ಗಂಟೆಗೂ ಇವೆರಡರ 700 ಗಂಟೆಗೂ ಇದ್ದ ವ್ಯತ್ಯಾಸವೆಲ್ಲ ದುಂಡಗೆ, ಒಂದೇ ಸಾಲಿನಲ್ಲಿ ಕೊರೆದದ್ದರಿಂದ ಮತ್ತು ಹದವಿರುವ ಪಿನ್ನಿನಿಂದ ಬಂದದ್ದು.

ಹಾಗಾದರೆ ಅಗ್ಗದ ಎಡಪಕ್ಕವೇ ಸರಿಯೇ? ಬಾಳಿಕೆಯಲ್ಲಿ ಸರಿ, ಬಳಕೆಯಲ್ಲಿ ಅಲ್ಲ. ತೋಳಿನ ಕಣ್ಣು 57 ಆದ ಮೇಲೆ ಬ್ಲೇಡನ್ನು ಓರೆ ಮಾಡಬೇಕಾದಾಗ ಆ ಪಿನ್ ಹಿಂದಿನ ಮತ್ತು ಮುಂದಿನ ಬ್ರಾಕೆಟ್‌ಗಳ 50ರ ರಂಧ್ರಕ್ಕೆ ಇಳಿಯಲಿಲ್ಲ. 50ರ ಪಿನ್ ಒಂದನ್ನೂ, ಅದರ ಮೇಲೆ ಕೂತು ತೋಳಿನ ಕಣ್ಣನ್ನು ತುಂಬುವ ಉಕ್ಕಿನ ಕೊಳವೆಯೊಂದನ್ನೂ ಬೇರೆ ಮಾಡಿಸಿ, ಅವನ್ನು ಹೊಲದಿಂದ ಹೊಲಕ್ಕೆ ಜೊತೆಗೆ ಒಯ್ಯಬೇಕಾಯಿತು. ಒಂದು ಸಲ ಕಪ್ಪು ಮಣ್ಣಿನಲ್ಲಿ ಪಿನ್ ಬಿದ್ದು ಕಳೆದುಹೋದಾಗ ಬಲಪಕ್ಕದ ಬಿಡಿ ಪಿನ್ ಎಡಕ್ಕೆ ಆಗದೆ, ಹೊಸದನ್ನು ಕಡೆಸಿ ತರುವವರೆಗೆ ಎರಡು ದಿನ ಯಂತ್ರ ನಿಂತಿತು. ಆ ಎರಡು ದಿನದ ಬಾಡಿಗೆಯನ್ನು ಸೇರಿಸಿದರೆ ಉಳಿತಾಯವೆಲ್ಲ ಅಳಿಸಿಹೋಯಿತು. ಇದರ ಜೊತೆಗೆ, ಪ್ರತಿ ಸಲ ಕೊರೆದಂತೆಲ್ಲ ರಂಧ್ರದ ಹಿಂದೆ ಪ್ಲೇಟಿನ ಅಂಚಿಗೆ ಉಳಿಯುವ ಲೋಹ ಕಡಿಮೆಯಾಗುತ್ತದೆ. ಒಂದು ಸಲ ಕೊರೆಯಬಹುದು. ಎರಡನೆಯ ಸಲಕ್ಕೆ ನನಗೆ ಧೈರ್ಯ ಬರಲಿಲ್ಲ. 2016ರಲ್ಲಿ ಎಡಪಕ್ಕವನ್ನೂ ವೆಲ್ಡಿಂಗ್ ತುಂಬಿಸಿ 50ಕ್ಕೆ ಮರಳಿ ತರಿಸಿದೆ. ಒಂದೇ ಬ್ರಾಕೆಟ್ ಇದ್ದು, ಪಿನ್ ಎಂದೂ ಜಾಗ ಬದಲಿಸದ ನೇರ ಬ್ಲೇಡಿನ ಯಂತ್ರವಾಗಿದ್ದರೆ ದಪ್ಪ ಪಿನ್ನನ್ನೇ ಮೊದಲ ಆಯ್ಕೆ ಎನ್ನುತ್ತಿದ್ದೆ.

ಬುಶ್ ಯಾವುದು, ಪಿನ್ ಎಲ್ಲಿ ತಿರುಗಬೇಕು

ಆ ವರ್ಷವೇ ತೋಳುಗಳ ಕಣ್ಣಿಗೆ ಬುಶ್, ಅಂದರೆ ಪಿನ್ನಿನ ಸುತ್ತ ಕೂರುವ, ಸವೆದಾಗ ಬದಲಿಸಬಹುದಾದ ಲೋಹದ ಬಳೆ, ಹಾಕಿಸಿದೆ. ಬ್ರಾಕೆಟ್ ಪ್ಲೇಟು ತೆಳು, ಅದರಲ್ಲಿ ಬುಶ್ ನಿಲ್ಲುವುದು ಕಷ್ಟ. ತೋಳಿನ ಕಣ್ಣು ಅಗಲವಾದ್ದರಿಂದ ಅಲ್ಲಿ ಚೆನ್ನಾಗಿ ಕೂರುತ್ತದೆ. ಮತ್ತೆ ಎರಡು ಪಕ್ಕಗಳಲ್ಲಿ ಎರಡು ಬಗೆ ಹಾಕಿದೆ: ಎಡಕ್ಕೆ ಗನ್ ಮೆಟಲ್ (ಕಂಚಿನ ಜಾತಿಯ ಮೃದು ಲೋಹ) ಬುಶ್, ಬಲಕ್ಕೆ ಒಳಮೈ ಗಡಸು ಮಾಡಿಸಿದ ಉಕ್ಕಿನ ಬುಶ್. ಕಣ್ಣಿನ ಅಳತೆಗಿಂತ ಬುಶ್ 0.07 ಮಿ.ಮೀ. ದಪ್ಪವಿದ್ದು, ಕಣ್ಣನ್ನು ಗ್ಯಾಸಿನಿಂದ ಬಿಸಿ ಮಾಡಿ ಜ್ಯಾಕಿನಿಂದ ಒತ್ತಿ ಕೂರಿಸಿದೆವು. ಒತ್ತಿದ ಮೇಲೆ ಬುಶ್ಶಿನ ಒಳ ಅಳತೆಯೂ ಸ್ವಲ್ಪ ಕುಗ್ಗುತ್ತದೆ ಎಂಬುದನ್ನು ಲೇತಿನವರಿಗೆ ಮೊದಲೇ ಹೇಳಿ, ಕೂತ ಮೇಲೆ ಪಿನ್ನಿಗೆ 0.3 ಮಿ.ಮೀ. ಜಾಗ ಉಳಿಯುವಂತೆ ಮಾಡಿಸಿದೆ.

ಗನ್ ಮೆಟಲ್ ಸೋತಿತು. ವೇಗವಾಗಿ ತಿರುಗುವ, ಶುದ್ಧವಾದ ಎಣ್ಣೆ ಸಿಗುವ ಜಾಗದಲ್ಲಿ ಅದು ಒಳ್ಳೆಯ ಲೋಹ. ಆದರೆ ಬ್ಲೇಡಿನ ಕೀಲು ತಿರುಗುವುದು ಬಹಳ ಕಡಿಮೆ, ಅದಕ್ಕೆ ಬೀಳುವುದು ಗುದ್ದು. ಬೇರಿಗೋ ಬಂಡೆಗೋ ಬ್ಲೇಡು ತಾಗಿದಾಗಲೆಲ್ಲ ಮೃದುವಾದ ಬುಶ್ ಒಂದು ಕಡೆಗೆ ಜಜ್ಜಿ ಅಂಚು ಹೊರಕ್ಕೆ ಉಬ್ಬಿತು. ಇದಕ್ಕಿಂತ ಕೆಟ್ಟದ್ದೆಂದರೆ ಗರಸಿನ ಮರಳುಕಣಗಳು ಆ ಮೃದು ಲೋಹದಲ್ಲಿ ಹುದುಗಿಕೊಂಡು, ಹದವಿದ್ದ ಪಿನ್ನನ್ನೇ ಅರದ ಹಾಗೆ ಉಜ್ಜಿದವು. 350 ಗಂಟೆಯ ಒಂದು ಹಂಗಾಮು ಮುಗಿದಾಗ ಎಡಪಕ್ಕದ ಪಿನ್ ಬದಲಿಸಬೇಕಾಯಿತು, ಬಲಪಕ್ಕದ ಪಿನ್ನಿನ ಮೇಲೆ ಉಗುರಿಗೆ ಸಿಗುವ ಗೆರೆಯೂ ಇರಲಿಲ್ಲ. ಬುಶ್ ಮೆತ್ತಗಿದ್ದರೆ ಪಿನ್ ಉಳಿಯುತ್ತದೆ ಎಂಬ ನಂಬಿಕೆ ಮಣ್ಣಿನ ಕೆಲಸದ ಕೀಲುಗಳಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬುಶ್ ಹಾಕಿದ ಮೇಲೆ ಇನ್ನೊಂದು ದೋಷ ಕಣ್ಣಿಗೆ ಬಿತ್ತು. ಪಿನ್ ಬುಶ್ಶಿನೊಳಗೆ ತಿರುಗುವ ಬದಲು ಕೆಲವೊಮ್ಮೆ ಬುಶ್ಶಿಗೆ ಅಂಟಿಕೊಂಡು ಬ್ರಾಕೆಟ್ ಪ್ಲೇಟಿನ ರಂಧ್ರದಲ್ಲಿ ತಿರುಗುತ್ತಿತ್ತು. ಪ್ಲೇಟಿನ ರಂಧ್ರಕ್ಕೆ ಗ್ರೀಸೂ ಇಲ್ಲ, ಗಡಸೂ ಇಲ್ಲ. ಅಲ್ಲಿ ಪಿನ್ ತಿರುಗಿದರೆ ಸವೆಯುವುದು ಬದಲಿಸಬಹುದಾದ ಬುಶ್ ಅಲ್ಲ, ಬದಲಿಸಲಾಗದ ಫ್ರೇಮು. ಪಿನ್ನಿನ ತಲೆಗೆ ಒಂದು ಸಣ್ಣ ಪಟ್ಟಿ ಬೆಸೆದು, ಪ್ಲೇಟಿನ ಮೇಲೆ ಅದನ್ನು ಒಂದು ಬೋಲ್ಟಿನಿಂದ ಹಿಡಿಸಿದೆ. ಬ್ಲೇಡು ಓರೆ ಮಾಡುವಾಗ ಒಂದು ಬೋಲ್ಟು ಹೆಚ್ಚು ಬಿಚ್ಚಬೇಕು, ಅಷ್ಟೇ. ಖರ್ಚು ಅರ್ಧ ಗಂಟೆಯ ಬಾಡಿಗೆಯೂ ಆಗಲಿಲ್ಲ. ಈ ಪಟ್ಟಿ ಹಾಕಿದ ಮೇಲೆ ಪ್ಲೇಟಿನ ರಂಧ್ರಗಳ ಸವೆತ ಬಹುಮಟ್ಟಿಗೆ ನಿಂತೇಹೋಯಿತು. ಮೊದಲ ದಿನವೇ ಇದನ್ನು ಮಾಡಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಕತ್ತರಿಸಿ ಹೊಸದು ಕೂರಿಸುವುದು

2017ರಲ್ಲಿ ಕಾಲುವೆ ಏರಿಯ ಕೆಲಸದಲ್ಲಿ ಬ್ಲೇಡು ಓರೆಯಾಗಿದ್ದಾಗ ಹುಗಿದ ಬಂಡೆಗೆ ತಾಗಿ ಎಡಪಕ್ಕದ ಹಿಂದಿನ ಬ್ರಾಕೆಟ್‌ನ ಒಂದು ಪ್ಲೇಟು ರಂಧ್ರದಿಂದ ಅಂಚಿನವರೆಗೆ ಹರಿಯಿತು. ತುಂಬಿಸಲು ಅಲ್ಲಿ ಲೋಹವೇ ಉಳಿದಿರಲಿಲ್ಲ. ಎರಡೂ ಪ್ಲೇಟುಗಳನ್ನು ಗ್ಯಾಸಿನಿಂದ ಕತ್ತರಿಸಿ ತೆಗೆದು, ಲೇತಿನಲ್ಲಿ ರಂಧ್ರ ಕೊರೆದು ತಂದ ಹೊಸ ಪ್ಲೇಟುಗಳನ್ನು ಹೊಲದಲ್ಲೇ ಬೆಸೆದೆವು. ಇಲ್ಲಿ ಲೈನ್ ಬೋರಿಂಗ್ ಸಲಾಕೆ ಇಲ್ಲ. ಸಾಲು ಕಾಯುವುದು ಎರಡೂ ರಂಧ್ರಗಳಲ್ಲಿ ಬಿಗಿಯಾಗಿ ಹಾಯಿಸಿದ ಒಂದು ಡಮ್ಮಿ ಪಿನ್. ವೆಲ್ಡಿಂಗ್ ಆರುವಾಗ ಲೋಹ ಎಳೆಯುತ್ತದೆ, ಆ ಎಳೆತಕ್ಕೆ ಪ್ಲೇಟು ವಾಲುತ್ತದೆ. ಒಂದು ಕಡೆ ಎರಡು ಅಂಗುಲ, ಎದುರು ಕಡೆ ಎರಡು ಅಂಗುಲ ಎಂಬಂತೆ ಬದಲಿಸುತ್ತಾ, ಪ್ರತಿ ತುಂಡಿನ ನಂತರ ಡಮ್ಮಿ ಪಿನ್ನನ್ನು ಪೈಪ್ ಪಾನಾದಿಂದ ತಿರುಗಿಸಿ ನೋಡುತ್ತಾ ಹೋದೆವು. ಒಂದು ಕಡೆ ಅವಸರ ಮಾಡಿದ್ದರಿಂದ ಪಿನ್ ಕಚ್ಚಿಕೊಂಡಿತು, ಅದನ್ನು ಬಿಡಿಸಲು ಒಂದು ಮಧ್ಯಾಹ್ನ ಹೋಯಿತು. ಖರ್ಚು ಹದಿನೆಂಟು ಗಂಟೆಯ ಬಾಡಿಗೆ, ಮತ್ತು ಲಾರಿಯ ಮೇಲೆ ಯಂತ್ರ ಸಾಗಿಸುವ ಖರ್ಚು ಇಲ್ಲ.

ಹಿಂದಿನ ಬ್ರಾಕೆಟ್ ಕಡಿಮೆ ಬಳಕೆಯದಾದ್ದರಿಂದ ಇದರ ಗಂಟೆಗಳನ್ನು ನಡುವಿನದರೊಡನೆ ಹೋಲಿಸುವುದು ನ್ಯಾಯವಲ್ಲ. ಮಾಡಿದ ಕೆಲಸವನ್ನು ಮಾತ್ರ ಅಳೆದರೆ ಎರಡು ರಂಧ್ರಗಳ ಸಾಲು ಅರ್ಧ ಮಿ.ಮೀ. ತಪ್ಪಿತ್ತು, ಲೈನ್ ಬೋರಿಂಗ್‌ಗಿಂತ ಒರಟು, ಕೈವೆಲ್ಡಿಂಗ್‌ಗಿಂತ ಬಹಳ ಮೇಲು. ಮತ್ತೊಮ್ಮೆ ಮಾಡಿದರೆ ಹೊಸ ಪ್ಲೇಟಿನ ರಂಧ್ರವನ್ನು ಮೂರು ಮಿ.ಮೀ. ಕಿರಿದಾಗಿಯೇ ಬಿಟ್ಟು ಬೆಸೆದು, ಹಂಗಾಮು ಮುಗಿದ ಮೇಲೆ ಲೈನ್ ಬೋರಿಂಗ್‌ನಿಂದ ಪೂರ್ತಿ ಅಳತೆಗೆ ತರಿಸುತ್ತೇನೆ. ಅಲ್ಲಿಯವರೆಗೆ ಕೆಲಸ ನಡೆಸಲು ಒಂದು ಸಣ್ಣ ಪಿನ್ ಸಾಕು.

ಯಾವ ವಿಧಾನವಾದರೂ ಕೆಲವು ಎಚ್ಚರಿಕೆಗಳು ಒಂದೇ. ಬ್ಲೇಡಿನ ಭಾರವನ್ನು ಹೈಡ್ರಾಲಿಕ್ ಮೇಲೆ ಬಿಟ್ಟು ಯಾರೂ ಅದರ ಕೆಳಗೆ ಕೈ ಹಾಕಬಾರದು, ದಿಮ್ಮಿ ಕೊಡಲೇಬೇಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಬೇಕು, ದೂರ ಹಿಡಿಸಿದರೆ ವಿದ್ಯುತ್ತು ಬೇರಿಂಗ್‌ಗಳ ಮೂಲಕ ಹಾದು ಅವುಗಳನ್ನು ಸುಡುತ್ತದೆ. ಸಿಲಿಂಡರಿನ ಹೊಳಪಿನ ರಾಡಿಗೆ ಕಿಡಿ ತಾಗದಂತೆ ಒದ್ದೆ ಗೋಣಿ ಸುತ್ತಬೇಕು. ಹದವಿರುವ ಪಿನ್ನನ್ನು ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಚಕ್ಕೆ ಹಾರಿ ಕಣ್ಣಿಗೆ ಬೀಳುತ್ತದೆ. ನಡುವೆ ಹಿತ್ತಾಳೆಯ ತುಂಡು ಇಡಬೇಕು, ಕನ್ನಡಕ ಹಾಕಬೇಕು.

ನಡುವಿನ ಗೋಲ

ಗೋಲದ ಸಡಿಲಕ್ಕೆ ಎಲ್ಲರೂ ಮೊದಲು ಮಾಡುವುದು ಕ್ಯಾಪಿನ ಶಿಮ್, ಅಂದರೆ ಕ್ಯಾಪಿನ ಅಡಿಗೆ ಕೊಡುವ ತೆಳು ತಗಡು, ತೆಗೆಯುವುದು. ನಾನೂ ಮಾಡಿದೆ. ಎರಡೂ ಪಕ್ಕದಿಂದ ಸಮನಾಗಿ ಒಂದೊಂದೇ ಶಿಮ್ ತೆಗೆದು ಬಿಗಿ ಮಾಡಿ, ಬ್ಲೇಡು ಇನ್ನೂ ಸರಾಗವಾಗಿ ಆಡುವಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕ್ರಮ, ಖರ್ಚೂ ಇಲ್ಲ. ಸವೆತ ಒಂದೆರಡು ಮಿ.ಮೀ. ಒಳಗಿದ್ದರೆ ಬೇರೇನೂ ಬೇಕಾಗಿಲ್ಲ. ಆದರೆ ನನ್ನ ಗೋಲದ ಮುಂಭಾಗ ನಾಲ್ಕು ಮಿ.ಮೀ. ತಿಂದುಹೋಗಿತ್ತು, ಹಿಂಭಾಗ ಹೊಸದರಂತಿತ್ತು. ಇದ್ದ ಶಿಮ್‌ಗಳನ್ನೆಲ್ಲ ತೆಗೆದು ಬಿಗಿ ಮಾಡಿದಾಗ ಬ್ಲೇಡು ನೇರವಿದ್ದಾಗ ಸರಿಯಾಗಿ ಕೂತಿತು; ಓರೆ ಮಾಡಿದ ಕೂಡಲೇ ಗುಳಿಯ ಸವೆಯದ ಭಾಗ ಗೋಲಕ್ಕೆ ಎದುರಾಗಿ ಕಚ್ಚಿಕೊಂಡಿತು, ಮೂರನೆಯ ದಿನ ಕ್ಯಾಪಿನ ಎರಡು ಬೋಲ್ಟು ತುಂಡಾದವು.

ಆಮೇಲೆ ಗೋಲಕ್ಕೆ ವೆಲ್ಡಿಂಗ್ ತುಂಬಿಸಿದೆ. ಸವೆಯದ ಹಿಂಭಾಗದ ಮೇಲೆ ತಗಡು ಇಟ್ಟು ಅರ್ಧಚಂದ್ರದ ಅಚ್ಚು ಕತ್ತರಿಸಿ, ಅದನ್ನು ಎಲ್ಲ ದಿಕ್ಕಿನಿಂದ ಹಿಡಿದು ನೋಡುತ್ತಾ ಗ್ರೈಂಡ್ ಮಾಡಿಸಿ, ದೀಪದ ಮಸಿಯನ್ನು ಗ್ರೀಸಿನಲ್ಲಿ ಕಲಸಿ ಗೋಲಕ್ಕೆ ಸವರಿ, ಗುಳಿಯನ್ನು ಕೂರಿಸಿ ತೆಗೆದಾಗ ಮಸಿ ಹತ್ತಿದ ಉಬ್ಬುಗಳನ್ನು ಮತ್ತೆ ಮತ್ತೆ ತಿದ್ದಿದೆವು. ಎರಡು ದಿನ ಹಿಡಿಯಿತು, ಹದಿನೈದು ಗಂಟೆಯ ಬಾಡಿಗೆ ಖರ್ಚಾಯಿತು. ಮೇಲ್ಮೈಗೆ ಗಡಸು ಪದರ ಕೊಡುವ ಹಾರ್ಡ್‌ಫೇಸಿಂಗ್ ರಾಡ್ ಹಾಕಿ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಕಟಿಂಗ್ ಎಡ್ಜಿಗೆ ಅದು ಸರಿ, ಗೋಲಕ್ಕೆ ಬೇಡವೆಂದೆ. ಅದರ ಮೇಲ್ಮೈ ಸಣ್ಣ ಸಣ್ಣ ಬಿರುಕುಗಳಿಂದ ಒರಟಾಗಿರುತ್ತದೆ, ಜೊತೆಯ ಗುಳಿಯನ್ನು ತಿನ್ನುತ್ತದೆ. ಪಿನ್ನಿನ ರಂಧ್ರದಲ್ಲಿ ಸೋತ ಕೈಕೆಲಸ ಗೋಲದಲ್ಲಿ ಏಕೆ ಗೆದ್ದಿತು ಎಂದರೆ, ಇಲ್ಲಿ ಸಾಲಿಗೆ ಬರಬೇಕಾದ ಎರಡನೆಯ ರಂಧ್ರವಿಲ್ಲ. ಗೋಲ ತನ್ನ ಗುಳಿಯೊಂದಕ್ಕೆ ಹೊಂದಿದರೆ ಸಾಕು, ಉಳಿದ ಸಣ್ಣ ವ್ಯತ್ಯಾಸವನ್ನು ಶಿಮ್ ಸರಿಪಡಿಸುತ್ತದೆ.

ಗೋಲವನ್ನು ಕತ್ತರಿಸಿ ಹೊಸದನ್ನು ಕಡೆಸಿ ಬೆಸೆಯುವುದಕ್ಕೂ ಬೆಲೆ ಕೇಳಿದ್ದೆ. ನಲವತ್ತು ಗಂಟೆಯ ಬಾಡಿಗೆ ಎಂದರು. ತುಂಬಿಸಿದ ಗೋಲ 1,000 ಗಂಟೆ ದಾಟಿ ಎರಡು ಶಿಮ್ ಮಾತ್ರ ಬೇಡಿದ್ದರಿಂದ ಆ ದಾರಿಗೆ ನಾನು ಹೋಗಲಿಲ್ಲ. ಬುಡದಲ್ಲಿ ಬಿರುಕು ಕಂಡಿದ್ದರೆ ಆ ಖರ್ಚಿಗೆ ಹಿಂಜರಿಯುತ್ತಿರಲಿಲ್ಲ.

ಟ್ರನಿಯನ್‌ಗಳ ಬಗ್ಗೆ ಹೇಳುವುದು ಕಡಿಮೆ. ಅಲ್ಲಿಯ ಸಡಿಲ ಬ್ಲೇಡಿನ ಅಂಚಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ ಹಿಂದೆ-ಮುಂದೆ ಹೋಗುವಾಗ ದಡ್ ಎಂಬ ಶಬ್ದ ಬರುತ್ತದೆ. ಕ್ಯಾಪಿನ ಶಿಮ್ ಹೊಂದಿಸಿ, ದಿನವೂ ಬೆಳಿಗ್ಗೆ ಹೊಸ ಗ್ರೀಸು ಹೊರಗೆ ಕಾಣುವವರೆಗೆ ಗನ್ ಒತ್ತುವುದು ಬಿಟ್ಟು ಇನ್ನೇನೂ ಮಾಡಿಲ್ಲ. ಎಡಗಡೆಯ ಕ್ಯಾಪಿನಲ್ಲಿ ಈಗ ಒಂದೇ ಶಿಮ್ ಉಳಿದಿದೆ. ಬರುವ ಮಳೆಗಾಲದಲ್ಲಿ ಎರಡೂ ಕಡೆ ಬಿಚ್ಚಿ ಅಳೆದು, ಸವೆತ ಎರಡೂ ಕಡೆ ಸಮವಾಗಿದ್ದರೆ ಗೋಲಕ್ಕೆ ಮಾಡಿದಂತೆ ತುಂಬಿಸಿ ಅಚ್ಚಿನಿಂದ ತಿದ್ದಿಸುತ್ತೇನೆ. ಒಂದು ಕಡೆ ಹೆಚ್ಚು ಸವೆದಿದ್ದರೆ ಸಿ-ಫ್ರೇಮೇ ಸೊಟ್ಟಗಾಗಿರುವ ಸಂಶಯವಿರುವುದರಿಂದ, ವೆಲ್ಡಿಂಗ್‌ಗೆ ಕೈ ಹಾಕುವ ಮೊದಲು ಫ್ರೇಮಿನ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತೇನೆ.